ಲಡೌ ಕೆರೆ ದಾಟಿ ಸ್ನೋಡನ್ ಹತ್ತುವುದು: ಯುಕೆ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳು ಬಂತೆಂದರೆ ನನಗೆ ಮೆಸೇಜ್‌ಗಳು ಶುರುವಾಗುತ್ತವೆ. "ಬ್ಯಾಂಕ್ ಹಾಲಿಡೇಗೆ ಸ್ನೋಡನ್ ಹೋಗ್ತಿದ್ದೀವಿ, ಏನಾದ್ರೂ ಟಿಪ್ಸ್ ಇದ್ಯಾ?" ಪ್ರತಿ ಸಲ ಅದೇ ಉತ್ತರ ಟೈಪ್ ಮಾಡಿ ಬೆರಳು ನೋಯುವುದಕ್ಕಿಂತ ಒಂದು ಸಲ ಕೂತು ಬರೆದುಬಿಡೋಣ ಅನಿಸಿತು. ಇಲ್ಲಿ ಹೇಳುವುದು ವೇಲ್ಸ್‌ನ ಸ್ನೋಡನ್ ಬೆಟ್ಟ ಹತ್ತುವ ಒಂದೇ ದಾರಿಯ ಬಗ್ಗೆ. ಪೆನ್-ಎ-ಪಾಸ್ ಕಾರ್ ಪಾರ್ಕ್‌ನಿಂದ ಹೊರಟು, ಲಡೌ ಕೆರೆ ದಾಟಿ, ಮೈನರ್ಸ್ ಟ್ರ್ಯಾಕ್‌ನಲ್ಲಿ ಹತ್ತಿ, ಪಿಗ್ ಟ್ರ್ಯಾಕ್‌ನಲ್ಲಿ ಇಳಿಯುವುದು. ಬೇರೆ ದಾರಿಗಳೂ ಇವೆ. ನಾನು ಜಾಸ್ತಿ ನಡೆದಿರುವುದು ಇದರಲ್ಲೇ.

ಸ್ನೋಡನ್ನೋ, ಅರ್ ವಿದ್ವಾನೋ? ಬೋರ್ಡ್‌ಗಳಲ್ಲಿ ಬೇರೆ ಹೆಸರು ಇದೆಯಲ್ಲ?

ಎರಡೂ ಒಂದೇ ಬೆಟ್ಟ. ವೆಲ್ಷ್ ಭಾಷೆಯಲ್ಲಿ ಅರ್ ವಿದ್ವಾ. 2022ರ ನವೆಂಬರ್‌ನಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನದ ಪ್ರಾಧಿಕಾರ ತಾನು ವೆಲ್ಷ್ ಹೆಸರುಗಳನ್ನೇ ಬಳಸುವುದಾಗಿ ತೀರ್ಮಾನಿಸಿತು. ಉದ್ಯಾನದ ಹೆಸರೂ ಈಗ ಸ್ನೋಡೋನಿಯಾ ಅಲ್ಲ, ಎರಿರಿ. ಬ್ಯಾಂಗಲೋರ್ ಬೆಂಗಳೂರಾಗಿದ್ದನ್ನು ಕಂಡ ನಮಗೆ ಇದನ್ನು ವಿವರಿಸುವ ಅಗತ್ಯ ಇಲ್ಲ ಅಲ್ವಾ?

'ಅರ್ ವಿದ್ವಾ' ಅಂದರೆ ಸಮಾಧಿಯ ದಿಬ್ಬ. ರಿಟಾ ಎಂಬ ರಾಕ್ಷಸನನ್ನು ಆರ್ಥರ್ ರಾಜ ಕೊಂದು ಇಲ್ಲೇ ಹೂತ ಅನ್ನುವುದು ಸ್ಥಳೀಯರ ಕಥೆ. ಸೋಲಿಸಿದ ರಾಜರ ಗಡ್ಡ ಕಿತ್ತು ತನ್ನ ಹೊದಿಕೆಗೆ ಹೊಲಿಸಿಕೊಳ್ಳುತ್ತಿದ್ದನಂತೆ ಆ ರಿಟಾ.

ಉಚ್ಚಾರಣೆ ಬಗ್ಗೆ ಒಂದು ಮಾತು. ಲಡೌ, ಬೆಟ್ಟದಡಿಯ ಊರು ಲಾನ್‌ಬೆರಿಸ್ ಅಂತ ನಾನು ಬರೆದಿದ್ದರೂ ಆ ಮೊದಲ 'ಲ' ನಮ್ಮ ಲ ಅಲ್ಲ. ನಾಲಿಗೆಯನ್ನು ಲ ಅನ್ನುವ ಜಾಗದಲ್ಲಿಟ್ಟು ಪಕ್ಕದಿಂದ ಗಾಳಿ ಊದಬೇಕು. ತಪ್ಪಾದರೂ ಪ್ರಯತ್ನಪಟ್ಟರೆ ಅಲ್ಲಿನವರಿಗೆ ಖುಷಿಯಾಗುತ್ತದೆ.

ನಾನು ಕುಮಾರಪರ್ವತ ಹತ್ತಿದವನು. ಇದು 1085 ಮೀಟರ್ ಅಷ್ಟೇ. ಇದೇನು ಮಹಾ?

ಈ ಪ್ರಶ್ನೆ ವಾರಕ್ಕೊಮ್ಮೆ ಬರುತ್ತದೆ! ಲೆಕ್ಕದಲ್ಲಿ ನೀವು ಹೇಳುವುದು ಸರಿ. ಕುಮಾರಪರ್ವತ 1712 ಮೀಟರ್. ಕುಕ್ಕೆಯಿಂದ ಹೊರಟರೆ ಒಂದೂವರೆ ಸಾವಿರ ಮೀಟರ್‌ಗೂ ಜಾಸ್ತಿ ಏರು. ಇಲ್ಲಿ ಕಾರ್ ಪಾರ್ಕೇ 359 ಮೀಟರ್ ಎತ್ತರದಲ್ಲಿದೆ. ಹತ್ತಬೇಕಾದದ್ದು ಸುಮಾರು 723 ಮೀಟರ್, ಅಂದರೆ ಅರ್ಧಕ್ಕೂ ಕಡಿಮೆ.

ಆದರೆ ಕುಮಾರಪರ್ವತದಲ್ಲಿ ನಿಮ್ಮನ್ನು ಸುಸ್ತು ಮಾಡುವುದು ಬಿಸಿಲು ಮತ್ತು ದೂರ. ಇಲ್ಲಿ ಚಳಿ, ಗಾಳಿ, ಮಂಜು. ಕೆಳಗೆ ಟೀ ಶರ್ಟ್‌ನಲ್ಲಿ ಹೊರಟವರು ಮೇಲೆ ಹೋಗುವಷ್ಟರಲ್ಲಿ ಹಲ್ಲು ಕಡಿಯುತ್ತಿರುತ್ತಾರೆ. ಪಕ್ಕದ ಕ್ರಿಬ್ ಗೋಖ್ ಅನ್ನುವ ಚೂಪಾದ ಬೆಟ್ಟದಂಚಿನಲ್ಲಿ ವರ್ಷಕ್ಕೆ 4000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಬ್ರಿಟನ್ನಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಅದೂ ಒಂದು. ಆಗುಂಬೆಯವರು ನಗಬಹುದು. ಆಗುಂಬೆ ಮಳೆ ಬೆಚ್ಚಗಿರುತ್ತದೆ, ಇದು ಮೂಳೆ ಕೊರೆಯುತ್ತದೆ.

ದಾರಿ ಹೇಗಿದೆ? ಎಲ್ಲಿ ಕಷ್ಟ?

ಇದು ಮೋಸದ ದಾರಿ. ನಿಜಕ್ಕೂ ತಿಳಿದುಕೊಳ್ಳಬೇಕಾದದ್ದು ಇದೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೈನರ್ಸ್ ಟ್ರ್ಯಾಕ್ ಅಂದರೆ ಗಣಿ ಕೆಲಸಗಾರರ ದಾರಿ. ಮೇಲಿನ ಬ್ರಿಟಾನಿಯಾ ತಾಮ್ರದ ಗಣಿಯಿಂದ ಅದಿರು ಇಳಿಸಲು ಮಾಡಿದ್ದು. ಗಾಡಿ ಓಡಲು ಮಾಡಿದ ದಾರಿ ಆದ್ದರಿಂದ ಶುರುವಿನಲ್ಲಿ ಅಗಲ, ಸಮತಟ್ಟು. ಮೊದಲು ಎಡಕ್ಕೆ ಸಣ್ಣ ಟೇರ್ನ್ ಕೆರೆ, ಪಕ್ಕದಲ್ಲಿ ಗಣಿಯವರು ಮಲಗುತ್ತಿದ್ದ ಮನೆಗಳ ಪಾಳುಗೋಡೆ. ಸುಮಾರು ಎರಡೂವರೆ ಕಿಲೋಮೀಟರ್ ನಡೆದರೆ ಎದುರಿಗೆ ಲಡೌ ಕೆರೆ. ಕೆರೆಯ ಮೇಲೆ ಕಲ್ಲಿನ ಏರಿ ಕಟ್ಟಿದ್ದಾರೆ, ಅದರ ಮೇಲೇ ನಡೆದು ಆಚೆ ಹೋಗಬೇಕು. ಅಲ್ಲಿಂದ ಇನ್ನು ಎರಡು ಕಿಲೋಮೀಟರ್‌ಗೆ ಗ್ಲಾಸ್‌ಲಿನ್ ಕೆರೆ, ಸುಮಾರು 600 ಮೀಟರ್ ಎತ್ತರದಲ್ಲಿ.

ಇಲ್ಲಿಗೆ ಬಂದವರೆಲ್ಲ "ಅಯ್ಯೋ, ಇಷ್ಟೇನಾ" ಅನ್ನುತ್ತಾರೆ. ಈಗ ಲೆಕ್ಕ ನೋಡಿ. ಹೊರಟಲ್ಲಿಂದ ಗ್ಲಾಸ್‌ಲಿನ್‌ವರೆಗೆ ನಾಲ್ಕೂವರೆ ಕಿಲೋಮೀಟರ್, ಏರಿದ್ದು 240 ಮೀಟರ್. ಮುಂದೆ ತುದಿಯವರೆಗೆ ಉಳಿದಿರುವುದು ಬರೀ ಎರಡು ಕಿಲೋಮೀಟರ್, ಏರಬೇಕಾದದ್ದು 485 ಮೀಟರ್. ದಾರಿಯ ಮೂರನೇ ಎರಡು ಭಾಗ ಮುಗಿದಿದೆ, ಬೆಟ್ಟದ ಮೂರನೇ ಎರಡು ಭಾಗ ಹಾಗೇ ಇದೆ.

ಗ್ಲಾಸ್‌ಲಿನ್ ಬಿಟ್ಟ ಕೂಡಲೇ ಕಡಿದಾದ ಏರು. ಕಾಲಡಿ ಸಡಿಲ ಕಲ್ಲು, ಕೆಲವು ಕಡೆ ಕೈ ಊರಬೇಕು. ಅದನ್ನು ಮುಗಿಸಿದರೆ ಪಿಗ್ ಟ್ರ್ಯಾಕ್ ಬಂದು ಸೇರುತ್ತದೆ. ಆಮೇಲೆ ಅಂಕುಡೊಂಕು ಮೆಟ್ಟಿಲಿನಂಥ ದಾರಿ, ಬುಲ್ಖ್ ಗ್ಲಾಸ್ ಅನ್ನುವ ಬೆಟ್ಟದ ಕಿಂಡಿಯವರೆಗೆ. ಅಲ್ಲಿ ಆಳೆತ್ತರದ ಕಲ್ಲು ನೆಟ್ಟಿದ್ದಾರೆ. ಎಡಕ್ಕೆ ತಿರುಗಿ, ತುದಿಗೆ ಹೋಗುವ ರೈಲಿನ ಹಳಿಯ ಪಕ್ಕದಲ್ಲೇ ಸ್ವಲ್ಪ ನಡೆದರೆ ತುದಿ.

ಲಡೌ ನೈಸರ್ಗಿಕ ಕೆರೆಯೋ, ಜಲಾಶಯವೋ?

ಎರಡೂ ಹೌದು. ಹಿಮಯುಗದ ಹಿಮನದಿ ಕೊರೆದ ಬಟ್ಟಲು, ಹಾಗಾಗಿ ಕೆರೆ ಹುಟ್ಟಿನಿಂದಲೇ ಇದೆ. 1906ರಿಂದ ಅದರ ನೀರನ್ನು ಕೊಳವೆಯಲ್ಲಿ ಕೆಳಗಿನ ಕಮ್ ಡಲಿ ವಿದ್ಯುತ್ ಕೇಂದ್ರಕ್ಕೆ ಬಿಡುತ್ತಿದ್ದಾರೆ. ನೀರು 300 ಮೀಟರ್‌ಗೂ ಹೆಚ್ಚು ಕೆಳಕ್ಕೆ ಧುಮುಕುತ್ತದೆ. ಕೇಂದ್ರ ಈಗಲೂ ನಡೆಯುತ್ತಿದೆ. ದಾರಿಯಿಂದಲೇ ಕೊಳವೆಗಳು ಕಾಣುತ್ತವೆ. ಚಂದ ಕೆಟ್ಟಿತು ಅಂತ ಬೈಯುವವರಿದ್ದಾರೆ. ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ತೆಗೆದ ನಾಡಿನಿಂದ ಬಂದ ನನಗೆ ಆ ಕೊಳವೆ ಕಂಡರೆ ಊರು ನೆನಪಾಗುತ್ತದೆ.

ಏರಿ ಕಟ್ಟಿದ್ದು 1853ರಲ್ಲಿ, ಅದಿರು ಸಾಗಿಸಲು. ಆಗ ಕೆರೆಯ ನೀರು ಇಳಿಸಿದಾಗ ತಳದಲ್ಲಿ ಒಂದೇ ಮರ ಕೊರೆದು ಮಾಡಿದ ಹಳೇ ಕಾಲದ ದೋಣಿ ಸಿಕ್ಕಿತ್ತು. ಆಚೆ ದಡದಲ್ಲಿ ಕಾಣುವ ಕಲ್ಲುಗೋಡೆಗಳು ಅದಿರು ಪುಡಿ ಮಾಡುತ್ತಿದ್ದ ಗಿರಣಿಯವು. ಗಣಿ 1916ರಲ್ಲಿ ನಿಂತುಹೋಯಿತು. ಆರ್ಥರ್ ರಾಜನ ಕತ್ತಿಯನ್ನು ಎಸೆದದ್ದು ಈ ಕೆರೆಗೇ ಅಂತಲೂ ಹೇಳುತ್ತಾರೆ. ಬೇರೆ ಕೆಲವು ಕೆರೆಗಳ ಪಕ್ಕದವರೂ ಹಾಗೇ ಹೇಳುತ್ತಾರೆ ಬಿಡಿ.

ಏರಿ ಮೇಲೆ ನೀರು ಹರಿಯುತ್ತಿದ್ದರೆ?

ದಾಟಬೇಡಿ. ಜೋರು ಮಳೆಯಾದ ಮೇಲೆ ಏರಿ ಮುಳುಗುವುದುಂಟು. "ಮೊಣಕಾಲುದ್ದ ಅಷ್ಟೇ" ಅಂತ ಯಾರೋ ಮುಂದೆ ಹೋಗುತ್ತಿರುತ್ತಾರೆ, ಹೋಗಲಿ. ಒದ್ದೆ ಬೂಟಿನಲ್ಲಿ ಮುಂದಿನ ಐದು ಗಂಟೆ ನಡೆಯಬೇಕಾದವರು ನೀವು. ಪೆನ್-ಎ-ಪಾಸ್‌ಗೆ ವಾಪಸ್ ಬಂದು, ಹೊತ್ತು ಮತ್ತು ಹವೆ ಎರಡೂ ಸರಿಯಿದ್ದರೆ ಪಿಗ್ ಟ್ರ್ಯಾಕ್ ಹಿಡಿಯಿರಿ.

ಮುಂದೆ ಹೋಗಬೇಕೋ ಬೇಡವೋ ಅಂತ ಹೇಗೆ ನಿರ್ಧರಿಸುವುದು?

ಏರಿ ಮೇಲೆ ನಿಂತು ನಿರ್ಧರಿಸಿ. ತುದಿಯಲ್ಲೂ ಅಲ್ಲ, ಅಂಕುಡೊಂಕು ದಾರಿಯ ನಡುವೆಯೂ ಅಲ್ಲ. ಅಲ್ಲಿಂದ ವಾಪಸ್ ಬರಲು ಮುಕ್ಕಾಲು ಗಂಟೆ ಸಾಕು, ದಾರಿ ಸಲೀಸು, ಮಕ್ಕಳೂ ನಡೆಯುತ್ತಾರೆ. ಮೇಲೆ ಹೋದಷ್ಟೂ ವಾಪಸ್ ಬರುವುದು ಕಷ್ಟ.

ನಾನು ಅಲ್ಲಿ ಮೂರು ವಿಷಯ ನೋಡುತ್ತೇನೆ. ಗಡಿಯಾರ ಹನ್ನೊಂದು ದಾಟಿದೆಯಾ? ಮೋಡ ಗ್ಲಾಸ್‌ಲಿನ್‌ಗಿಂತ ಕೆಳಗೆ ಇಳಿದಿದೆಯಾ? ಗುಂಪಿನಲ್ಲಿ ಯಾರಾದರೂ ಮಾತು ನಿಲ್ಲಿಸಿದ್ದಾರಾ? ಮೂರನೆಯದು ಮುಖ್ಯ. ನಮ್ಮ ಜನ ಸುಸ್ತಾಗಿದೆ ಅಂತ ಬಾಯಿಬಿಟ್ಟು ಹೇಳುವುದಿಲ್ಲ. "ಪರವಾಗಿಲ್ಲ, ನೀವು ನಡೀರಿ" ಅನ್ನುತ್ತಾರೆ. ಆ ಮಾತು ಬಂತೆಂದರೆ ಪರವಾಗಿದೆ ಅಂತಲೇ ಅರ್ಥ.

ಇದನ್ನು ಕಲಿತದ್ದು ಸುಮ್ನೆ ಅಲ್ಲ. ನನ್ನ ಮೊದಲ ಸಲ ಅಕ್ಟೋಬರ್ ಕೊನೆ. ತಿಂಡಿ ತಿಂದು, ಫೋಟೋ ತೆಗೆದು, ಹೊರಟಾಗ ಹನ್ನೊಂದೂವರೆ. ಏರಿ ಮೇಲೆ ಗೆಳೆಯ "ಪರವಾಗಿಲ್ಲ" ಅಂದ. ನಾನು ನಂಬಿದೆ. ತುದಿ ಮುಟ್ಟಿ ಇಳಿಯುವಾಗ ಅವನ ಮಂಡಿ ಹಿಡಿದುಕೊಂಡಿತು. ಕೊನೆಯ ಒಂದೂವರೆ ಗಂಟೆ ಎರಡು ಮೊಬೈಲ್ ಬೆಳಕಿನಲ್ಲಿ ನಡೆದೆವು. ಒಂದರ ಬ್ಯಾಟರಿ ದಾರಿಯಲ್ಲೇ ಸತ್ತಿತು. ಮನೆಗೆ ಬಂದ ಮೇಲೂ ಅವನ ಹೆಂಡತಿ ನನ್ನ ಹತ್ತಿರ ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ.

ಒಟ್ಟು ಎಷ್ಟು ಹೊತ್ತು ಬೇಕು?

ಉದ್ಯಾನದವರು ಹೇಳುವುದು ಸುಮಾರು ಆರು ಗಂಟೆ. ಬ್ರಿಟನ್ನಿನ ಬೆಟ್ಟ ಹತ್ತುವವರು 1892ರಿಂದ ಬಳಸುವ ನೇಸ್ಮಿತ್ ಲೆಕ್ಕ ಒಂದಿದೆ. ಐದು ಕಿಲೋಮೀಟರ್‌ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಹತ್ತುವುದಕ್ಕೆ ಇನ್ನೊಂದು ಗಂಟೆ. ಹೋಗಿ ಬರುವ ದಾರಿ 12–13 ಕಿಲೋಮೀಟರ್. ಆ ಲೆಕ್ಕದಲ್ಲಿ ನಾಲ್ಕು ಗಂಟೆಗೂ ಕಡಿಮೆ. ಆದರೆ ಅದು ನಿಲ್ಲದೆ ನಡೆಯುವವರ ಲೆಕ್ಕ. ಅದರಲ್ಲಿ ಕೋಡುಬಳೆ ಡಬ್ಬಿ ತೆಗೆಯುವುದು ಸೇರಿಲ್ಲ. ಗುಂಪಿನಲ್ಲಿ ಹೋಗುವವರು ಏಳರಿಂದ ಎಂಟು ಗಂಟೆ ಇಟ್ಟುಕೊಳ್ಳಿ.

ಬೆಳಿಗ್ಗೆ ಎಂಟಕ್ಕೆ ಹೊರಟರೆ ಒಂಬತ್ತರೊಳಗೆ ಏರಿ, ಹತ್ತರ ಹೊತ್ತಿಗೆ ಗ್ಲಾಸ್‌ಲಿನ್, ಹನ್ನೆರಡರ ಆಸುಪಾಸಿನಲ್ಲಿ ತುದಿ.

ಯಾವ ತಿಂಗಳು ಒಳ್ಳೆಯದು?

ಮೇ ಕೊನೆಯಿಂದ ಸೆಪ್ಟೆಂಬರ್. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆವರೆಗೂ ಬೆಳಕು. ಡಿಸೆಂಬರ್‌ನಲ್ಲಿ ನಾಲ್ಕಕ್ಕೆಲ್ಲ ಕತ್ತಲು.

ಚಳಿಗಾಲದಲ್ಲಿ, ಅಂದರೆ ನವೆಂಬರ್‌ನಿಂದ ಏಪ್ರಿಲ್‌ವರೆಗೂ, ಮೇಲೆ ಹಿಮ ಗಟ್ಟಿಯಾಗಿರಬಹುದು. ಆಗ ಅಂಕುಡೊಂಕು ದಾರಿ ಹಿಮದಡಿ ಮುಚ್ಚಿಹೋಗಿ ಇಡೀ ಇಳಿಜಾರು ಒಂದೇ ಜಾರುಬಂಡೆ ಆಗುತ್ತದೆ. ಜಾರಿದರೆ ನಿಲ್ಲುವುದು ಕೆಳಗೆಲ್ಲೋ. ಹಿಮಗೊಡಲಿ, ಬೂಟಿಗೆ ಕಟ್ಟುವ ಕ್ರಾಂಪಾನ್, ಅವನ್ನು ಬಳಸುವ ಅಭ್ಯಾಸ ಮೂರೂ ಇಲ್ಲದಿದ್ದರೆ ಬೇಡ. ಅಂಗಡಿಯಿಂದ ಹಿಂದಿನ ದಿನ ಕೊಂಡು ತಂದರೆ ಅಭ್ಯಾಸ ಬರುವುದಿಲ್ಲ.

ಹವಾಮಾನ ಎಲ್ಲಿ ನೋಡಬೇಕು? ಫೋನ್‌ನಲ್ಲಿ ಬಿಸಿಲು ತೋರಿಸುತ್ತಿದೆ.

ಅದು ಕೆಳಗಿನ ಊರಿನದು. ಮೆಟ್ ಆಫೀಸಿನವರು ಬೆಟ್ಟಗಳಿಗೇ ಬೇರೆ ಮುನ್ಸೂಚನೆ ಕೊಡುತ್ತಾರೆ, ಅದರಲ್ಲಿ ಎರಿರಿ ವಿಭಾಗ ನೋಡಿ. ಮಳೆಗಿಂತ ಮೊದಲು ಗಾಳಿಯ ವೇಗ ನೋಡಿ. ಗಂಟೆಗೆ 40 ಮೈಲಿ ದಾಟಿದರೆ ಮೇಲೆ ನಡೆಯುವುದೇ ಕಷ್ಟ.

ಹತ್ತುವುದು ಮೈನರ್ಸ್, ಇಳಿಯುವುದು ಪಿಗ್ ಯಾಕೆ? ಬಹಳ ಜನ ಉಲ್ಟಾ ಹೇಳುತ್ತಾರಲ್ಲ?

ಹೇಳುತ್ತಾರೆ. ಅವರ ವಾದ, ಸುಸ್ತಾದ ಮೇಲೆ ಕೊನೆಗೆ ಸಮತಟ್ಟು ದಾರಿ ಸಿಗುತ್ತದೆ ಅನ್ನುವುದು. ತಪ್ಪೇನಿಲ್ಲ. ಆದರೆ ಗ್ಲಾಸ್‌ಲಿನ್ ಮೇಲಿನ ಆ ಸಡಿಲ ಕಲ್ಲಿನಲ್ಲಿ ದಣಿದ ಕಾಲಿನಲ್ಲಿ ಇಳಿಯುವುದಕ್ಕಿಂತ ಹತ್ತುವುದೇ ವಾಸಿ ಅನ್ನುವುದು ನನ್ನ ಅನುಭವ. ಜೊತೆಗೆ ಮೈನರ್ಸ್‌ನಲ್ಲಿ ಹತ್ತಿದರೆ ಆ ನಿರ್ಧಾರದ ಏರಿ ಬೆಳಿಗ್ಗೆಯೇ ಸಿಗುತ್ತದೆ. ಪಿಗ್‌ನಲ್ಲಿ ಹಾಗೆ ನಿಂತು ಯೋಚಿಸುವ ಜಾಗ ಇಲ್ಲ. ಅದು ಮೊದಲಿಂದಲೂ ಕಲ್ಲು, ಮೊದಲಿಂದಲೂ ಏರು.

ಪಿಗ್ ಅಂದರೆ ಹಂದಿಯೇ?

ಇರಬಹುದು. ದಾರಿ ಹಾಯುವ ಕಿಂಡಿಯ ಹೆಸರು ಬುಲ್ಖ್ ಅ ಮೋಖ್, ಅಂದರೆ ಹಂದಿಗಳ ಕಿಂಡಿ. ಇನ್ನು ಕೆಲವರ ಪ್ರಕಾರ ಅದು ಕೆಳಗಿರುವ ಪೆನ್-ಎ-ಗೂರಿಡ್ ಹೋಟೆಲಿನ ಹೆಸರಿನ ಮೊದಲಕ್ಷರಗಳು (P, Y, G). 1953ರಲ್ಲಿ ಎವರೆಸ್ಟ್ ಏರಿದ ತಂಡ ಅಭ್ಯಾಸ ಮಾಡುವಾಗ ಉಳಿದುಕೊಂಡಿದ್ದು ಆ ಹೋಟೆಲಿನಲ್ಲೇ. ಚಾವಣಿಯ ಮೇಲೆ ಅವರ ಸಹಿಗಳಿವೆ. ಇಳಿದು ಬಂದ ಮೇಲೆ ನೋಡಬಹುದು.

ದಾರಿ ತಪ್ಪುವ ಜಾಗಗಳು ಯಾವುವು?

ಎರಡು.

ಮೊದಲನೆಯದು ಆ ಹಂದಿಗಳ ಕಿಂಡಿ. ಪಿಗ್‌ನಲ್ಲಿ ಹತ್ತುವವರಿಗೆ ಅಲ್ಲಿ ಬಲಕ್ಕೆ ಮೇಲಕ್ಕೆ ಹೋಗುವ ಇನ್ನೊಂದು ದಾರಿ ಕಾಣುತ್ತದೆ. ಅದು ಕ್ರಿಬ್ ಗೋಖ್‌ಗೆ ಹೋಗುತ್ತದೆ. ಅದು ಕತ್ತಿಯಂಚಿನಂಥ ಏಣು, ಎರಡೂ ಪಕ್ಕ ಪ್ರಪಾತ. ಮುಂದಿನವರ ಹಿಂದೆ ಮಾತಾಡುತ್ತಾ ಹೋಗಿ ಅಲ್ಲಿ ಸಿಕ್ಕಿಕೊಂಡು ಅತ್ತವರು ಇದ್ದಾರೆ. ಅನುಭವಿಗಳು ಹೋಗುವುದು ಬೇರೆ ಮಾತು, ಗೊತ್ತಿಲ್ಲದೆ ಹೋಗುವ ಜಾಗ ಅಲ್ಲ.

ಎರಡನೆಯದು ಇಳಿಯುವಾಗ, ಬುಲ್ಖ್ ಗ್ಲಾಸ್‌ನ ಆ ನೆಟ್ಟ ಕಲ್ಲು. ಅಲ್ಲಿ ಬಲಕ್ಕೆ ತಿರುಗಬೇಕು. ಮಂಜಿನಲ್ಲಿ ಕಾಣದೆ ಹಳಿಯ ಪಕ್ಕದಲ್ಲೇ ನಡೆದುಬಿಟ್ಟರೆ ಲಾನ್‌ಬೆರಿಸ್ ಊರಿಗೆ ಇಳಿಯುತ್ತೀರಿ. ನಿಮ್ಮ ಕಾರು ಬೆಟ್ಟದ ಇನ್ನೊಂದು ಪಕ್ಕ!

ಕಾಗದದ ನಕ್ಷೆ ಇರಲಿ, ಆರ್ಡ್‌ನನ್ಸ್ ಸರ್ವೆಯ ಒಎಲ್ 17. ಫೋನ್ ಸಿಗ್ನಲ್ ಬಂದು ಹೋಗಿ ಮಾಡುತ್ತದೆ.

ಪರ್ಮಿಟ್ ಬೇಕಾ? ಕಾರ್ ಎಲ್ಲಿ ನಿಲ್ಲಿಸುವುದು?

ಪರ್ಮಿಟ್ ಬೇಡ, ಪ್ರವೇಶ ಶುಲ್ಕವೂ ಇಲ್ಲ. ಕುಮಾರಪರ್ವತಕ್ಕೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಇದೆಯಲ್ಲ, ಇಲ್ಲಿ ಆ ಜಗಳ ಕಾರಿನ ಜಾಗಕ್ಕೆ. ಸೀಸನ್‌ನಲ್ಲಿ ಪೆನ್-ಎ-ಪಾಸ್‌ನಲ್ಲಿ ಮೊದಲೇ ಬುಕ್ ಮಾಡಿರಬೇಕು. ಸಿಗದಿದ್ದರೆ ನಾಂಟ್ ಪೆರಿಸ್ ಅಥವಾ ಲಾನ್‌ಬೆರಿಸ್‌ನಲ್ಲಿ ಕಾರು ಬಿಟ್ಟು ಶೆರ್ಪಾ ಬಸ್ ಹಿಡಿಯಿರಿ. ರಸ್ತೆ ಪಕ್ಕ ನಿಲ್ಲಿಸಿದರೆ ಎಳೆದುಕೊಂಡು ಹೋಗುತ್ತಾರೆ. ಕಾರಿಲ್ಲದವರು ಬ್ಯಾಂಗರ್ ಅಥವಾ ಬೆಟೂಸ್-ಎ-ಕೋಯ್ಡ್‌ವರೆಗೆ ರೈಲಿನಲ್ಲಿ ಬಂದು ಮುಂದೆ ಬಸ್ ಹಿಡಿಯಬಹುದು. ಹೊರಡುವ ವಾರದ ವೇಳಾಪಟ್ಟಿ ನೋಡಿಕೊಳ್ಳಿ.

ಏನು ಹಾಕಿಕೊಳ್ಳಬೇಕು, ಏನು ಒಯ್ಯಬೇಕು?

ಜೀನ್ಸ್ ಬೇಡ. ಹತ್ತಿ ಬಟ್ಟೆಯೂ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಹಿಡಿತ ಇರುವ ಬೂಟು, ಮಳೆ ತಡೆಯುವ ಜಾಕೆಟ್ ಮತ್ತು ಪ್ಯಾಂಟ್, ಒಂದು ಬೆಚ್ಚನೆ ಉಡುಪು ಹೆಚ್ಚಿಗೆ, ಕೈಗವಸು, ಟೋಪಿ. ಬೇಸಿಗೆಯಲ್ಲೂ. ತಲೆಗೆ ಕಟ್ಟುವ ಟಾರ್ಚ್, ಜೂನ್ ಆದರೂ ಸರಿ. ಮೇಲಿನ ಕಥೆ ಓದಿದ್ದೀರಲ್ಲ. ಒಂದು ಸೀಟಿ.

ಊಟಕ್ಕೆ?

ಪುಳಿಯೋಗರೆಯಂಥ ಬುತ್ತಿ ಇನ್ನೊಂದಿಲ್ಲ. ತಣ್ಣಗಾದರೂ ರುಚಿ, ಕೆಡುವುದಿಲ್ಲ. ಮೊಸರನ್ನ ಮಾತ್ರ ಬೇಡ, ಐದು ಡಿಗ್ರಿ ಗಾಳಿಯಲ್ಲಿ ತಿಂದು ನೋಡಿದ್ದೇನೆ. ಫ್ಲಾಸ್ಕಿನಲ್ಲಿ ಕಾಫಿ ಬದಲು ಬಿಸಿ ಸಾರು ತುಂಬಿಕೊಂಡು ಹೋಗಿ. ಗ್ಲಾಸ್‌ಲಿನ್ ದಡದಲ್ಲಿ ಮೆಣಸಿನ ಸಾರು ಕುಡಿಯುವಾಗ ಪಕ್ಕದಲ್ಲಿ ಕೂತ ಇಂಗ್ಲಿಷಿನವರು ಏನದು ಅಂತ ಕೇಳದೇ ಇದ್ದದ್ದೇ ಇಲ್ಲ.

ನೀರು ತಲೆಗೆ ಎರಡು ಲೀಟರ್. ಕೆರೆಗಳ ನೀರು ಕುಡಿಯಬೇಡಿ, ತಾಮ್ರದ ಗಣಿಯ ಜಾಗ ಅದು. ಬಾಳೆಹಣ್ಣಿನ ಸಿಪ್ಪೆ "ಕೊಳೆಯುತ್ತೆ ಬಿಡು" ಅಂತ ಎಸೆಯಬೇಡಿ. ಆ ಚಳಿಯಲ್ಲಿ ಬೇಗ ಕೊಳೆಯುವುದಿಲ್ಲ.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಕರೆದುಕೊಂಡು ಹೋಗಬಹುದಾ?

ಲಡೌ ಏರಿವರೆಗೆ ಧಾರಾಳವಾಗಿ, ಗಾಳಿ ಮಳೆ ಇಲ್ಲದ ದಿನ. ನಮ್ಮ ಅತ್ತೆ ಸೀರೆ, ಸ್ವೆಟರ್, ನನ್ನ ಹೆಂಡತಿಯ ಬೂಟು ಹಾಕಿಕೊಂಡು ಅಲ್ಲಿಯವರೆಗೆ ನಡೆದು, ಏರಿ ಮೇಲೆ ಕೂತು ಚಕ್ಕುಲಿ ತಿಂದು ಬಂದರು. ಅವರಿಗೆ ಅಷ್ಟೇ ಸ್ನೋಡನ್. ಯಾವ ಕೊರಗೂ ಇಲ್ಲ.

ತುದಿ ನೋಡಲೇಬೇಕು ಅಂದರೆ ಲಾನ್‌ಬೆರಿಸ್‌ನಿಂದ ರೈಲಿದೆ, 1896ರಿಂದ. ಮೊದಲೇ ಬುಕ್ ಮಾಡಿ. ಹವೆ ಕೆಟ್ಟರೆ ಅದು ತುದಿಯವರೆಗೆ ಹೋಗುವುದಿಲ್ಲ.

ಹತ್ತಿ ಸುಸ್ತಾದರೆ ಅದೇ ರೈಲಿನಲ್ಲಿ ಇಳಿಯಬಹುದಲ್ಲ?

ಅದನ್ನು ನಂಬಿಕೊಂಡು ಹತ್ತಬೇಡಿ. ಮೇಲೆ ಬಂದವರಿಗೆ ವಾಪಸ್ ಸೀಟು ಇರುತ್ತದೆ, ನಿಮಗೆ ಖಾಲಿ ಉಳಿದರೆ ಮಾತ್ರ.

ಮೇಲೆ ಏನಿದೆ? ಶೌಚಾಲಯ?

ಹವೋದ್ ಎರಿರಿ ಅನ್ನುವ ಕಟ್ಟಡ ಇದೆ, 2009ರಲ್ಲಿ ತೆರೆದದ್ದು. ಕೆಫೆ, ಶೌಚಾಲಯ ಎರಡೂ ಅದರಲ್ಲೇ. ಚಳಿಗಾಲದಲ್ಲಿ ಮುಚ್ಚಿರುತ್ತದೆ. ಪೆನ್-ಎ-ಪಾಸ್ ಬಿಟ್ಟರೆ ನಡುವೆ ಎಲ್ಲೂ ಇಲ್ಲ. ಬೇಸಿಗೆಯ ಶನಿವಾರ ತುದಿಯ ಕಂಬ ಮುಟ್ಟಿ ಫೋಟೋ ತೆಗೆಸಿಕೊಳ್ಳಲು ಕ್ಯೂ ನಿಲ್ಲಬೇಕು. ವರ್ಷಕ್ಕೆ 5 ಲಕ್ಷಕ್ಕೂ ಹೆಚ್ಚು ಜನ ಬರುವ ಬೆಟ್ಟ. ಸಾಧ್ಯವಾದರೆ ವಾರದ ನಡುವೆ ಒಂದು ದಿನ ರಜೆ ಹಾಕಿ.

ಗ್ಲಾಸ್‌ಲಿನ್ ನೀರು ಅಷ್ಟು ಚಂದ ಇದೆ. ಈಜಬಹುದಾ?

ಆ ನೀಲಿ ಹಸಿರು ಬಣ್ಣ ತಾಮ್ರದ ಕೃಪೆ. ಜುಲೈನಲ್ಲೂ ನೀರು ಕೊರೆಯುತ್ತದೆ. ಮೈ ಬೆವರಿದಾಗ ಧುಮುಕಿದರೆ ಉಸಿರು ಕಟ್ಟುತ್ತದೆ, ಕೈಕಾಲು ಆಡುವುದಿಲ್ಲ. ಕಾಲು ಅದ್ದಿ, ಸಾಕು. ಅವಾಂಕ್ ಅನ್ನುವ ನೀರಿನ ಭೂತವನ್ನು ಎಳೆತಂದು ಈ ಕೆರೆಗೇ ಹಾಕಿದ್ದಾರೆ ಅನ್ನುವ ಕಥೆ ಮಕ್ಕಳಿಗೆ ಹೇಳಿದರೆ ಅವರೂ ಹಠ ಮಾಡುವುದಿಲ್ಲ.

ಯಾರಿಗಾದರೂ ಪೆಟ್ಟಾದರೆ?

999 ಅಥವಾ 112ಕ್ಕೆ ಫೋನ್ ಮಾಡಿ. ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ. ನೇರವಾಗಿ ಆಂಬ್ಯುಲೆನ್ಸ್ ಕೇಳಿದರೆ ಮಾತು ಸುತ್ತಾಡುತ್ತದೆ. ಮಾತಾಡುವಷ್ಟು ಸಿಗ್ನಲ್ ಇಲ್ಲದಾಗ ಮೆಸೇಜ್ ಹೋಗುವುದುಂಟು. ಅದಕ್ಕೆ ಮನೆಯಿಂದ ಹೊರಡುವ ಮೊದಲೇ 'ರಿಜಿಸ್ಟರ್' ಅಂತ ಇಂಗ್ಲಿಷಿನಲ್ಲಿ 999ಕ್ಕೆ ಮೆಸೇಜ್ ಕಳಿಸಿ ನೋಂದಾಯಿಸಿಕೊಳ್ಳಿ. ಫೋನೇ ಇಲ್ಲವಾದರೆ ಸೀಟಿ. ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು, ಮತ್ತೆ ಆರು ಸಲ.

ಬರುವವರು ಸಂಬಳವಿಲ್ಲದ ಸ್ವಯಂಸೇವಕರು. ದುಡ್ಡು ಕೇಳುವುದಿಲ್ಲ. ಹಾಗಂತ ಕಾಲು ನೋವು ಅಂತ ಕರೆಯಬೇಡಿ. ನಿಜಕ್ಕೂ ಆಪತ್ತಾದರೆ ಸಂಕೋಚವೂ ಬೇಡ.

ಎಲ್ಲ ಬುಕ್ ಮಾಡಿ, ನಾಲ್ಕು ಗಂಟೆ ಡ್ರೈವ್ ಮಾಡಿ ಬಂದ ಮೇಲೆ ಹವೆ ಕೆಟ್ಟರೆ?

ಗಾಳಿ ಜೋರಿಲ್ಲದೆ ಬರೀ ಮಂಜು, ಜಿಟಿಜಿಟಿ ಇದ್ದರೆ ಲಡೌವರೆಗೆ ಹೋಗಿ ಬನ್ನಿ. ಮಂಜಿನಲ್ಲಿ ಆ ಕೆರೆ, ಪಾಳುಗೋಡೆಗಳು ಬಿಸಿಲಿಗಿಂತ ಚೆನ್ನಾಗಿ ಕಾಣುತ್ತವೆ. ಅದೂ ಆಗದಷ್ಟು ಮಳೆಯಾದರೆ ಬೆಟೂಸ್-ಎ-ಕೋಯ್ಡ್ ಹತ್ತಿರ ಸ್ವಾಲೋ ಜಲಪಾತ ಇದೆ, ಮಳೆ ಬಂದಷ್ಟೂ ಅದಕ್ಕೆ ಕಳೆ. ಪುಳಿಯೋಗರೆಯನ್ನು ಕಾರಿನಲ್ಲೇ ತಿನ್ನಿ. ಗಾಜು ಮಾತ್ರ ಸ್ವಲ್ಪ ಇಳಿಸಿ, ಇಂಗಿನ ವಾಸನೆ ಒಂದು ವಾರ ಹೋಗುವುದಿಲ್ಲ.